ಐದು ಜನರ ತಂಡ, ಎರಡು ಸೀಸನ್‌ಗಳ ಆಯಸ್ಸು: ಬೆಂಗಳೂರಿನ ಒಳಾಂಗಣ ಫುಟ್‌ಬಾಲ್ ತಂಡದ ಕಥೆ

ಒಳಾಂಗಣ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಊರಿನ ತೊಟ್ಟಿ ಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ. ಗಂಡುಮಕ್ಕಳು ಹೊರಗಿನ ಬಯಲಿನಲ್ಲಿ ಚಿನ್ನಿದಾಂಡು, ಚೆಂಡು ಅಂತ ಓಡಾಡಿದರೆ, ಹೆಣ್ಣುಮಕ್ಕಳ ಆಟವೆಲ್ಲ ಆ ಒಳಗಿನ ಅಂಗಳದಲ್ಲೇ. ಕುಂಟೆಬಿಲ್ಲೆ, ಚೌಕಾಬಾರ, ಅಳಗುಳಿಮಣೆ. ಹಾಗಾಗಿ "ಒಳಾಂಗಣ ಕ್ರೀಡೆ" ಎಂಬ ಮಾತು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಆದರೆ ಅದೇ ಒಳಾಂಗಣಕ್ಕೆ ಫುಟ್‌ಬಾಲ್ ಬಂದು, ಅದಕ್ಕೊಂದು ವೃತ್ತಿಪರ ಲೀಗ್ ಹುಟ್ಟಿ, ಅದರಲ್ಲಿ ನಮ್ಮ ಬೆಂಗಳೂರಿಗೂ ಒಂದು ತಂಡವಿತ್ತು, ಆ ತಂಡದ ಮಾಲೀಕರು ನಮ್ಮ ಅಪ್ಪು ಆಗಿದ್ದರು ಎಂದರೆ ಎಷ್ಟು ಜನರಿಗೆ ನೆನಪಿದೆ? ಹತ್ತು ವರ್ಷವೂ ಕಳೆಯುವ ಮೊದಲೇ ನಾವು ಮರೆತ ಆ ತಂಡದ ಇತಿಹಾಸವನ್ನು ನಮ್ಮ ಮಹಿಳಾ ವೇದಿಕೆಯ ಓದುಗರ ಮುಂದಿಡುವ ಪ್ರಯತ್ನ ಇದು. ಆಟದ ಗಂಧಗಾಳಿ ಇಲ್ಲದವರೂ ಓದಬಹುದು.

ಆಟ ಹುಟ್ಟಿದ ಬಗೆ

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಇದರ ಹೆಸರು ಫುಟ್ಸಾಲ್. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಫುಟ್‌ಬಾಲ್ ಎಂಬುದಕ್ಕೂ ಹಜಾರ ಎಂಬುದಕ್ಕೂ ಇರುವ ಪದಗಳನ್ನು ಜೋಡಿಸಿ ಮಾಡಿದ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಡಸಾಲೆ ಫುಟ್‌ಬಾಲ್.

1930ರಲ್ಲಿ ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆ ಮೊದಲ ವಿಶ್ವಕಪ್ ಫುಟ್‌ಬಾಲ್ ನಡೆಸಿ ತಾನೇ ಗೆದ್ದಿತು. ಊರಿನ ಮಕ್ಕಳಿಗೆಲ್ಲ ಚೆಂಡಿನ ಹುಚ್ಚು. ಅದೇ ವರ್ಷ ರಾಜಧಾನಿ ಮೊಂಟೆವಿಡಿಯೊದ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದ ಹ್ವಾನ್ ಕಾರ್ಲೋಸ್ ಸೆರಿಯಾನಿ ಒಳಗೆ ಆಡಬಹುದಾದ ಫುಟ್‌ಬಾಲ್ ಒಂದನ್ನು ರೂಪಿಸಿದರು. ಅವರು ಮಾಡಿದ್ದು ನಾವು ಅಡುಗೆಮನೆಯಲ್ಲಿ ಮಾಡುವ ಕೆಲಸವನ್ನೇ, ಇದ್ದದ್ದರಲ್ಲಿ ಹೊಂದಿಸುವುದು. ಬ್ಯಾಸ್ಕೆಟ್‌ಬಾಲ್‌ನಿಂದ ಐದು ಜನರ ತಂಡ ಮತ್ತು ಅಂಕಣ, ಹ್ಯಾಂಡ್‌ಬಾಲ್‌ನಿಂದ ಗೋಲಿನ ಅಳತೆ, ವಾಟರ್ ಪೋಲೊದಿಂದ ಗೋಲ್‌ಕೀಪರ್ ನಿಯಮ, ಫುಟ್‌ಬಾಲ್‌ನಿಂದ ಕಾಲಾಟ. ಎಲ್ಲ ಕೂಡಿಸಿ ಹೊಸ ಆಟ.

ಈಗ ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಅಂಕಣ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ದೊಡ್ಡ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಲೆಕ್ಕ ಹಾಕಿದರೆ ಒಂದು ದೊಡ್ಡ ಮೈದಾನದ ವಿಸ್ತೀರ್ಣ ಸುಮಾರು ಒಂಬತ್ತು ಫುಟ್ಸಾಲ್ ಅಂಕಣಗಳಷ್ಟು. ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ಚೆಂಡು ಸ್ವಲ್ಪ ಚಿಕ್ಕದು, ಹೆಚ್ಚು ಪುಟಿಯುವುದಿಲ್ಲ, ಕಾಲಿಗೆ ಅಂಟಿಕೊಂಡಂತೆ ಇರುತ್ತದೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಐವರು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಚೆಂಡು ಹೊರಗೆ ಹೋದರೆ ನಾಲ್ಕು ಸೆಕೆಂಡಿನೊಳಗೆ ಮತ್ತೆ ಆಟಕ್ಕೆ ತರಬೇಕು. ಹೀಗಾಗಿ ನಿಂತು ಉಸಿರಾಡಲು ಪುರುಸೊತ್ತಿಲ್ಲ. ಹನ್ನೊಂದು ಜನರ ಆಟದಲ್ಲಿ ಸಣ್ಣ ಮಕ್ಕಳು ಎಷ್ಟೋ ಹೊತ್ತು ಚೆಂಡು ಮುಟ್ಟದೆ ನಿಂತಿರುತ್ತಾರೆ. ಇಲ್ಲಿ ಆ ಮಾತೇ ಇಲ್ಲ, ಚೆಂಡು ಎಲ್ಲರ ಕಾಲಿಗೂ ಬಂದೇ ಬರುತ್ತದೆ. ಬ್ರೆಜಿಲ್‌ನ ರೊನಾಲ್ಡಿನ್ಹೊ ಅಂಥವರು ಬಾಲ್ಯದಲ್ಲಿ ಕಾಲು ಪಳಗಿಸಿಕೊಂಡದ್ದು ಈ ಆಟದಲ್ಲೇ.

ಅಮೆರಿಕದ್ದು ಬೇರೆಯೇ ದಾರಿ. ಅಲ್ಲಿ ಐಸ್ ಹಾಕಿ ಆಡುವ ಅಂಕಣದ ಮೇಲೆ ಕೃತಕ ಹುಲ್ಲು ಹಾಸಿ, ಸುತ್ತಲಿನ ಹಲಗೆ ಗೋಡೆಯನ್ನು ಹಾಗೇ ಉಳಿಸಿ, ಆರು ಜನರ ಇಂಡೋರ್ ಸಾಕರ್ ಶುರು ಮಾಡಿದರು. ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೂ ಆಟ ಮುಂದುವರಿಯುತ್ತದೆ. 1978ರಲ್ಲಿ ಶುರುವಾದ ಮೇಜರ್ ಇಂಡೋರ್ ಸಾಕರ್ ಲೀಗ್ 1992ರಲ್ಲಿ ಮುಚ್ಚಿತು. ಆದರೆ 1984ರಲ್ಲಿ ಹುಟ್ಟಿದ ಮಿಲ್ವಾಕೀ ವೇವ್ ಎಂಬ ತಂಡ ಲೀಗುಗಳು ಬಂದು ಹೋದರೂ ತಾನು ಉಳಿಯಿತು, ನಲವತ್ತು ವರ್ಷ ದಾಟಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2016ರ ಜುಲೈ

ಭಾರತಕ್ಕೆ ವೃತ್ತಿಪರ ಫುಟ್ಸಾಲ್ ಬಂದದ್ದು 2016ರಲ್ಲಿ. ಐಪಿಎಲ್ ಮಾದರಿಯಲ್ಲಿ ಪ್ರೀಮಿಯರ್ ಫುಟ್ಸಾಲ್ ಎಂಬ ಲೀಗ್ ಘೋಷಣೆಯಾಯಿತು. ಪೋರ್ಚುಗಲ್‌ನ ಪ್ರಸಿದ್ಧ ಆಟಗಾರ ಲೂಯಿಸ್ ಫಿಗೊ ಅಧ್ಯಕ್ಷರು, ವಿರಾಟ್ ಕೊಹ್ಲಿ ರಾಯಭಾರಿ. ಲೀಗಿನ ಹಾಡಿಗೆ ಎ.ಆರ್. ರೆಹಮಾನ್ ಸಂಗೀತ, ಅದರಲ್ಲಿ ಕೊಹ್ಲಿಯ ದನಿಯೂ ಇತ್ತು! ಚೆನ್ನೈ, ಮುಂಬೈ, ಕೊಚ್ಚಿ, ಕೋಲ್ಕತ್ತ, ಗೋವಾ, ಬೆಂಗಳೂರು ಎಂದು ಆರು ತಂಡಗಳು. ಪ್ರತಿ ಊರಿನ ಹೆಸರಿನ ಮುಂದೆ "ಫೈವ್ಸ್" ಎಂಬ ಬಾಲ. ನಮ್ಮದು ಬೆಂಗಳೂರು ಫೈವ್ಸ್.

ಒಂದೊಂದು ತಂಡಕ್ಕೂ ಜಗತ್ತೇ ಬಲ್ಲ ಒಬ್ಬೊಬ್ಬ ಆಟಗಾರ. ಮುಂಬೈಗೆ ರಯಾನ್ ಗಿಗ್ಸ್, ಕೋಲ್ಕತ್ತಕ್ಕೆ ಹರ್ನಾನ್ ಕ್ರೆಸ್ಪೊ, ಕೊಚ್ಚಿಗೆ ಮಿಶೆಲ್ ಸಾಲ್ಗಾಡೊ, ಗೋವಾಕ್ಕೆ ರೊನಾಲ್ಡಿನ್ಹೊ, ಚೆನ್ನೈಗೆ ಫುಟ್ಸಾಲ್ ಲೋಕದ ದೊರೆ ಎನಿಸಿದ್ದ ಬ್ರೆಜಿಲ್‌ನ ಫಾಲ್ಕಾವೊ. ಬೆಂಗಳೂರಿಗೆ ಬಂದವರು ಇಂಗ್ಲೆಂಡಿನ ಪಾಲ್ ಸ್ಕೋಲ್ಸ್. ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡಿ 11 ಸಲ ಪ್ರೀಮಿಯರ್ ಲೀಗ್ ಗೆದ್ದವರು, 2013ರಲ್ಲಿ ನಿವೃತ್ತರಾದವರು, ಆಗ ವಯಸ್ಸು 41. ಇವರ ಜೊತೆಗೆ ವಿದೇಶಿ ಫುಟ್ಸಾಲ್ ಆಟಗಾರರು, ಒಂದಷ್ಟು ಭಾರತೀಯ ಹುಡುಗರು.

ಬೆಂಗಳೂರು ತಂಡವನ್ನು ಕೊಂಡವರು ಪುನೀತ್ ರಾಜ್‌ಕುಮಾರ್. ಆ ವರ್ಷ ಅವರ "ಚಕ್ರವ್ಯೂಹ" ಬಿಡುಗಡೆಯಾಗಿತ್ತು, "ದೊಡ್ಮನೆ ಹುಡ್ಗ" ಬರುವುದರಲ್ಲಿತ್ತು. ಕನ್ನಡ ಚಿತ್ರರಂಗಕ್ಕೂ ಆಟಕ್ಕೂ ನಂಟು ಎಂದರೆ ನಮಗೆ ಗೊತ್ತಿದ್ದದ್ದು ತಾರೆಯರ ಕ್ರಿಕೆಟ್ ಮಾತ್ರ. ಅಂಥ ಹೊತ್ತಿನಲ್ಲಿ, ಹೆಸರನ್ನೇ ಹೆಚ್ಚಿನವರು ಕೇಳಿರದ ಆಟಕ್ಕೆ ಅವರು ಬೆನ್ನು ಕೊಟ್ಟರು.

ಜುಲೈ 15ರಿಂದ 24ರವರೆಗೆ ಪಂದ್ಯಗಳು. ನಡೆದದ್ದು ಚೆನ್ನೈ ಮತ್ತು ಗೋವಾದಲ್ಲಿ. ಟಿವಿ ನೋಡುವವರಿಗೆ ಅನುಕೂಲವಾಗಲೆಂದು ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳಾಗಿ ಆಟ. ಜುಲೈ 17ರಂದು ಬೆಂಗಳೂರು ಫೈವ್ಸ್ ಎದುರು ಗೋವಾ ಫೈವ್ಸ್. ಗೋವಾದ ಕಡೆ ರೊನಾಲ್ಡಿನ್ಹೊ. 2002ರಲ್ಲಿ ವಿಶ್ವಕಪ್ ಗೆದ್ದ, 2005ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ ಆತ ಅಂದು ಒಬ್ಬನೇ ಐದು ಗೋಲು ಹೊಡೆದ. ಗೋವಾ 7, ಬೆಂಗಳೂರು 2. ನಮ್ಮವರಿಗೆ ಸೆಮಿಫೈನಲ್ ಮುಟ್ಟಲು ಆಗಲಿಲ್ಲ. ಕೊನೆಗೆ ಕೊಚ್ಚಿಯನ್ನು ಮಣಿಸಿ ಮುಂಬೈ ಕಪ್ ಎತ್ತಿತು.

ಸೋಲಲಿ ಬಿಡಿ, ಆಟ ಎಂದ ಮೇಲೆ ಸೋಲು ಗೆಲುವು ಇದ್ದದ್ದೇ. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಬೆಂಗಳೂರು ಹೆಸರಿನ ಈ ತಂಡ ಆ ವರ್ಷ ಬೆಂಗಳೂರಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಮದುಮಗಳಿಲ್ಲದ ಮದುವೆ ಮನೆಯಂತೆ ಊರಿಲ್ಲದ ಊರ ತಂಡ.

ಮಾನ್ಯತೆಯ ಜಗಳ

ಇನ್ನೊಂದು ತೊಡಕೂ ಇತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಈ ಲೀಗಿಗೆ ಮಾನ್ಯತೆ ಕೊಡಲಿಲ್ಲ. ಇದರ ಬೇರು ಹಳೆಯದು. ಫುಟ್ಸಾಲ್ ಆಟಕ್ಕೆ ಮೊದಲು ತನ್ನದೇ ಜಾಗತಿಕ ಸಂಸ್ಥೆ ಇತ್ತು, 1971ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಫಿಫುಸಾ. ಅದು 1982ರಲ್ಲಿ ತನ್ನದೇ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಆಟ ಜನಪ್ರಿಯವಾದ ಮೇಲೆ ಫುಟ್‌ಬಾಲ್‌ನ ದೊಡ್ಡಣ್ಣ ಫಿಫಾ "ಇದೂ ನಮ್ಮದೇ" ಎಂದು 1989ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ತನ್ನ ವಿಶ್ವಕಪ್ ಶುರು ಮಾಡಿತು. ಹಳೆಯ ಸಂಸ್ಥೆಯ ವಾರಸುದಾರರು ಬೇರೆಯಾಗಿ ಉಳಿದರು. ಒಂದೇ ದೇವರ ಉತ್ಸವಕ್ಕೆ ಎರಡು ಮನೆತನ ಹಕ್ಕು ಸಾಧಿಸಿದ ಹಾಗೆ. ಪ್ರೀಮಿಯರ್ ಫುಟ್ಸಾಲ್ ಹಿಂದೆ ಇದ್ದದ್ದು ಹಳೆಯ ಮನೆತನದ ಬೆಂಬಲ. ನಮ್ಮ ಫೆಡರೇಷನ್ ಫಿಫಾದ ಮನೆಗೆ ಸೇರಿದ್ದು.

ಇದರಿಂದ ಪೆಟ್ಟು ಬಿದ್ದದ್ದು ಯಾರಿಗೆ? ಗಿಗ್ಸ್, ಸ್ಕೋಲ್ಸ್ ಅಂಥವರಿಗಂತೂ ಅಲ್ಲ, ಅವರು ನಿವೃತ್ತರು. ಪೆಟ್ಟು ಬಿದ್ದದ್ದು ಇಲ್ಲಿಯ ಹುಡುಗರಿಗೆ. ಮಾನ್ಯತೆ ಇಲ್ಲದ ಲೀಗಿನಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಅದು ರಾಷ್ಟ್ರೀಯ ತಂಡದ ಬಾಗಿಲಿಗೆ ಹೋಗುವ ಮೆಟ್ಟಿಲಾಗಲಿಲ್ಲ. ಅಂದು ಭಾರತಕ್ಕೆ ಆಡುವ ಫುಟ್ಸಾಲ್ ರಾಷ್ಟ್ರೀಯ ತಂಡವೇ ಇರಲಿಲ್ಲ. ದೊಡ್ಡವರ ಮನಸ್ತಾಪದಲ್ಲಿ ಮಕ್ಕಳ ಊಟ ತಪ್ಪುವುದು ಮನೆಗಳಲ್ಲಿ ಮಾತ್ರವಲ್ಲ ಎನಿಸುತ್ತದೆ.

ಹೆಸರು ಬದಲಾಯಿತು, ಆಮೇಲೆ ಆಟವೂ ನಿಂತಿತು

2017ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಸೀಸನ್. ಈಗ ತಂಡಗಳಿಗೆಲ್ಲ ಹೊಸ ಹೆಸರು. ನಮ್ಮದು ಬೆಂಗಳೂರು ರಾಯಲ್ಸ್, ತಾರೆಯಾಗಿ ಮತ್ತೆ ಪಾಲ್ ಸ್ಕೋಲ್ಸ್. ನಾವು ಈಗ ಬದುಕುತ್ತಿರುವ ಈ ರಾಜಧಾನಿ ಸೀಮೆಗೂ ಒಂದು ತಂಡ ಸಿಕ್ಕಿತು, ದೆಹಲಿ ಡ್ರ್ಯಾಗನ್ಸ್. ಅದರ ತಾರೆ ರೊನಾಲ್ಡಿನ್ಹೊ. ಹೀಗೆ ಫರೀದಾಬಾದಿನ ಕನ್ನಡಿಗರಿಗೆ ತವರಿನ ಕಡೆಗೊಂದು, ಬಾಳುವ ಮನೆಯ ಕಡೆಗೊಂದು ತಂಡ! ಈ ಸಲ ಬೆಂಗಳೂರಿನಲ್ಲೂ ಪಂದ್ಯಗಳು ನಡೆದವು. ಆದರೆ ಅದೇ ಕೊನೆ. ಮೂರನೆಯ ಸೀಸನ್ ಬರಲೇ ಇಲ್ಲ. ವಿದಾಯ ಪಂದ್ಯ, ಕೊನೆಯ ಸನ್ಮಾನ ಏನೂ ಇಲ್ಲದೆ ತಂಡ ಕರಗಿ ಹೋಯಿತು.

ಇದನ್ನು ಬೆಂಗಳೂರಿನ ಇನ್ನೊಂದು ತಂಡದ ಜೊತೆ ಇಟ್ಟು ನೋಡಬೇಕು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಬೆಂಗಳೂರು ಫೈವ್ಸ್ ಹುಟ್ಟಿದ ಅದೇ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿ, ಅಲ್ಲಿಗೆ ಹೋದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅದಕ್ಕೆ ಕಂಠೀರವ ಕ್ರೀಡಾಂಗಣ ಇತ್ತು. ಪ್ರತಿ ಪಂದ್ಯಕ್ಕೂ ನೀಲಿ ಅಂಗಿ ತೊಟ್ಟು ಹಾಡು ಹೇಳುವ ಅಭಿಮಾನಿಗಳಿದ್ದರು. ಮಕ್ಕಳಿಗೆ ತರಬೇತಿ ಇತ್ತು. ಒಂದೇ ಊರು, ಒಂದೇ ವರ್ಷ, ಎರಡು ತಂಡ. ಒಂದು ಬೇರು ಬಿಟ್ಟಿತು, ಇನ್ನೊಂದು ಕುಂಡದಲ್ಲಿ ತಂದಿಟ್ಟ ಗಿಡದಂತೆ ಹಬ್ಬ ಮುಗಿದ ಮೇಲೆ ಒಣಗಿತು.

ಈಗ ಆ ಮಿಲ್ವಾಕೀ ವೇವ್ ನೆನಪಿಸಿಕೊಳ್ಳಿ. ಅಲ್ಲಿ ಲೀಗುಗಳು ಮುಚ್ಚಿದರೂ ತಂಡ ಉಳಿಯಿತು, ಇಲ್ಲಿ ಲೀಗ್ ಮುಚ್ಚಿದ ದಿನವೇ ತಂಡವೂ ಮುಗಿಯಿತು. ತಾರೆಯರು, ಹಣ, ಹಾಡು ಎಲ್ಲ ನಮ್ಮಲ್ಲೇ ಹೆಚ್ಚು ಇದ್ದವು. ಇಲ್ಲದಿದ್ದದ್ದು ಸ್ವಂತ ಅಂಗಳ, ಮತ್ತು ವಾರ ವಾರ ಆ ಅಂಗಳಕ್ಕೆ ಬಂದು ಕೂರುವ ಊರಿನ ಜನ. ಹತ್ತು ದಿನದ ಜಾತ್ರೆಗೆ ಬಂದ ಅಂಗಡಿ ವರ್ಷವಿಡೀ ನಡೆಯಲಾರದು.

ಬೆಂಗಳೂರಿಗೆ ಚೆಂಡಿನ ಬರವೇನೂ ಇರಲಿಲ್ಲ ಎಂಬುದೇ ವಿಷಾದ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್, 1948ರ ಲಂಡನ್. ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿ 2-1ರಿಂದ ಸೋತರು. ಅಂದು ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಹಲಸೂರಿನ ಪಕ್ಕದ ಗೌತಮಪುರವನ್ನು ಇಂದಿಗೂ ಮಿನಿ ಬ್ರೆಜಿಲ್ ಎನ್ನುತ್ತಾರೆ, ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಅಂದಿನ ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಕರ್ನಾಟಕ ಅದನ್ನು ಗೆದ್ದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ, 54 ವರ್ಷಗಳ ನಂತರ. ಇಷ್ಟು ಇತಿಹಾಸವಿರುವ ನೆಲಕ್ಕೆ ತಾಗದಂತೆ, ಮೇಲೆ ಮೇಲೆಯೇ ತೇಲಿ ಹೋಯಿತು ಬೆಂಗಳೂರು ಫೈವ್ಸ್.

ಆಮೇಲೆ ದೆಹಲಿಯಲ್ಲಿ

ಕಥೆ ಅಲ್ಲಿಗೇ ನಿಂತಿಲ್ಲ. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಪುನೀತ್ ನಮ್ಮನ್ನಗಲಿದರು. ಅಂದು ದೆಹಲಿ, ಫರೀದಾಬಾದ್, ಗುರುಗ್ರಾಮದ ಕನ್ನಡಿಗರ ಮನೆಮನೆಯಲ್ಲೂ ಆವರಿಸಿದ ದುಃಖವನ್ನು ನಾನು ಬೇರೆ ಹೇಳಬೇಕಿಲ್ಲ. ಅದೇ ನವೆಂಬರ್‌ನಲ್ಲಿ, ನಮ್ಮ ಪಕ್ಕದ ನವದೆಹಲಿಯಲ್ಲಿ, ಫೆಡರೇಷನ್ ತಾನೇ ನಡೆಸಿದ ಮೊದಲ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ನಡೆಯಿತು. ದೆಹಲಿ ಎಫ್‌ಸಿ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಐದು ವರ್ಷದ ಹಿಂದೆ ಯಾವ ಆಟಕ್ಕೆ ಮಾನ್ಯತೆಯ ಬಾಗಿಲು ಮುಚ್ಚಿತ್ತೋ ಅದೇ ಆಟ ಈಗ ಮುಂಬಾಗಿಲಿನಿಂದ ಒಳಗೆ ಬಂತು. ತಾರೆಯರಿಲ್ಲ, ರೆಹಮಾನ್ ಹಾಡಿಲ್ಲ. ಆದರೆ ಇಲ್ಲಿಂದ ಮುಂದಕ್ಕೆ ದಾರಿ ಇತ್ತು. 2023ರಲ್ಲಿ ಭಾರತದ ಪುರುಷರ ಫುಟ್ಸಾಲ್ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಅಂಕಣಕ್ಕೆ ಇಳಿಯಿತು.

ನಮ್ಮ ವೇದಿಕೆಗೆ ಹೆಚ್ಚು ಖುಷಿ ಕೊಡುವ ಸಂಗತಿ ಇದರ ನಂತರದ್ದು. 2025ರ ಜನವರಿಯಲ್ಲಿ ಭಾರತದ ಮಹಿಳಾ ಫುಟ್ಸಾಲ್ ತಂಡವೂ ಇಂಡೋನೇಷ್ಯಾಕ್ಕೆ ಹೋಗಿ ಏಷ್ಯಾ ಕಪ್ ಅರ್ಹತಾ ಪಂದ್ಯಗಳನ್ನು ಆಡಿತು. ಅದೇ ವರ್ಷದ ಕೊನೆಯಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಫಿಫಾದ ಮೊಟ್ಟಮೊದಲ ಮಹಿಳಾ ಫುಟ್ಸಾಲ್ ವಿಶ್ವಕಪ್ ನಡೆಯಿತು, 16 ದೇಶಗಳು ಆಡಿದವು. ಗಂಡಸರ ಫಿಫಾ ವಿಶ್ವಕಪ್ ಶುರುವಾದದ್ದು 1989ರಲ್ಲಿ. ಹೆಂಗಸರ ಸರದಿ ಬರಲು 36 ವರ್ಷ ಕಾಯಬೇಕಾಯಿತು.

ಕಾಯುವುದು ಹೆಂಗಸರಿಗೆ ಹೊಸದಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ, ತನ್ನ ಸದಸ್ಯ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಎಂದು ನಿಷೇಧ ಹೇರಿ ಸುಮಾರು 50 ವರ್ಷ ಅದನ್ನು ಹಾಗೇ ಇಟ್ಟುಕೊಂಡಿತು. ಕಾಲ್ಚೆಂಡಿನ ತವರು ಎನಿಸಿದ ಬ್ರೆಜಿಲ್ 1941ರಲ್ಲಿ ಕಾನೂನು ತಂದು, "ಹೆಣ್ಣಿನ ಪ್ರಕೃತಿಗೆ ಒಗ್ಗದ" ಆಟಗಳಿಂದ ಹೆಂಗಸರನ್ನು ದೂರವಿಟ್ಟಿತು, ಫುಟ್‌ಬಾಲ್ ಕೂಡ ಅದರಲ್ಲಿ ಸೇರಿತು. ಅದು ತೆರವಾದದ್ದು 1979ರಲ್ಲಿ. ಅದೇ ಬ್ರೆಜಿಲ್‌ನ ಅಮಾಂಡಿನ್ಹಾ ಎಂಬ ಹುಡುಗಿ 2014ರಿಂದ ಸತತ ಎಂಟು ಸಲ ಜಗತ್ತಿನ ಅತ್ಯುತ್ತಮ ಮಹಿಳಾ ಫುಟ್ಸಾಲ್ ಆಟಗಾರ್ತಿ ಎನಿಸಿದಳು. ಅಂಗಳ ಕೊಟ್ಟರೆ ಹೆಣ್ಣುಮಕ್ಕಳು ಏನು ಮಾಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನ ಹೆಣ್ಣುಮಕ್ಕಳ ತಂಡ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತನಕ ಹೋದದ್ದನ್ನೂ ಇಲ್ಲಿ ನೆನೆಯಬೇಕು.

ನಮಗೇಕೆ ಈ ಕಥೆ?

ಎಲ್ಲೋ ಮುಚ್ಚಿಹೋದ ತಂಡದ ಕಥೆ ಫರೀದಾಬಾದಿನ ಮಹಿಳಾ ವೇದಿಕೆಗೆ ಯಾಕೆ ಎಂದು ಕೇಳಬಹುದು. ಎರಡು ಕಾರಣ ಹೇಳುತ್ತೇನೆ.

ಒಂದು, ನಾವಿರುವ ಊರಿನ ಹವೆ. ಮೇ-ಜೂನ್‌ನಲ್ಲಿ ಲೂ ಬೀಸುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ನವೆಂಬರ್ ಬಂತೆಂದರೆ ಹೊಗೆ ಮಂಜು, ಶಾಲೆಗಳಲ್ಲಿ ಹೊರಾಂಗಣ ಆಟ ಬಂದ್. ಡಿಸೆಂಬರ್-ಜನವರಿಯಲ್ಲಿ ಹಲ್ಲು ಕಟಕಟಿಸುವ ಚಳಿ. ಮಕ್ಕಳು ಮೈದಾನದಲ್ಲಿ ನೆಮ್ಮದಿಯಾಗಿ ಓಡುವ ತಿಂಗಳುಗಳನ್ನು ಬೆರಳಲ್ಲಿ ಎಣಿಸಬಹುದು. ಇಂಥ ಊರಿಗೆ ಒಳಾಂಗಣ ಬೇಕೇ ಬೇಕು. ಈಗ ಸೆಕ್ಟರ್ ಸೆಕ್ಟರ್‌ನಲ್ಲೂ ಬಲೆ ಕಟ್ಟಿದ ಟರ್ಫ್‌ಗಳು ಬಂದಿವೆ, ಗಂಟೆಗಿಷ್ಟು ಎಂದು ಬಾಡಿಗೆ. ಆದರೆ ಸೂರಿಲ್ಲದ ಟರ್ಫ್ ಲೂ ಗಾಳಿಯನ್ನೂ ತಡೆಯದು, ಹೊಗೆಯನ್ನೂ ತಡೆಯದು. ಸೂರಿರುವ ಸಭಾಂಗಣದಲ್ಲೂ ಗಾಳಿ ಶುದ್ಧ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಒಳಗೂ ಅದೇ ಹೊಗೆ. ಆದ್ದರಿಂದ ಮಗುವನ್ನು ಸೇರಿಸುವ ಮುಂಚೆ ಇದನ್ನೊಂದು ವಿಚಾರಿಸಿ.

ಎರಡನೆಯದು ನಮ್ಮ ಹೆಣ್ಣುಮಕ್ಕಳ ವಿಷಯ. ಹತ್ತು ಹನ್ನೊಂದು ವರ್ಷದವರೆಗೆ ಹುಡುಗರ ಸಮಕ್ಕೂ ಓಡಿ ಆಡುವ ಮಕ್ಕಳು ಹನ್ನೆರಡು ಹದಿಮೂರಕ್ಕೆ ಬಂದ ಕೂಡಲೇ ಆಟ ಬಿಡುತ್ತಾರೆ. ಮೈದಾನದ ತುಂಬ ದೊಡ್ಡ ಹುಡುಗರು, ಕತ್ತಲಾದರೆ ಭಯ, ಬಟ್ಟೆ ಬದಲಾಯಿಸಲು ಜಾಗವಿಲ್ಲ, ಶೌಚಾಲಯವಿಲ್ಲ, ಮೇಲೆ ಟ್ಯೂಷನ್. ಹನ್ನೊಂದು ಹುಡುಗಿಯರನ್ನು ಒಂದು ಕಡೆ ಸೇರಿಸುವುದು ಕಷ್ಟ. ಐವರನ್ನು ಸೇರಿಸುವುದು ಕಷ್ಟವಲ್ಲ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಕೋಲಾಟಕ್ಕೆ ನಿಲ್ಲುವ ಹುಡುಗಿಯರೇ ಎರಡು ತಂಡಕ್ಕೆ ಸಾಕು. ಬಾಗಿಲು, ದೀಪ, ಶೌಚಾಲಯ ಇರುವ ಒಂದು ಸಭಾಂಗಣ, ವಾರಕ್ಕೊಂದು ಗಂಟೆ, ಬದಿಯಲ್ಲಿ ಕೂರಲು ಇಬ್ಬರು ತಾಯಂದಿರು. ಇಷ್ಟಿದ್ದರೆ ಶುರು ಮಾಡಬಹುದು.

ಬೆಂಗಳೂರು ಫೈವ್ಸ್ ಇತಿಹಾಸ ನಮಗೆ ಕಲಿಸುವುದೂ ಇದನ್ನೇ. ತಂಡವನ್ನು ಒಂದು ದಿನದಲ್ಲಿ ಕೊಳ್ಳಬಹುದು, ಅದನ್ನು ಬೆಳೆಸುವುದು ವಾರ ವಾರದ ಕೆಲಸ. ವರ್ಷಕ್ಕೊಮ್ಮೆ ಕ್ರೀಡಾಕೂಟ ಇಟ್ಟು, ನಿಂಬೆಹಣ್ಣು-ಚಮಚ ಓಟ, ಸಂಗೀತ ಕುರ್ಚಿ ಮುಗಿಸಿ, ಬಹುಮಾನ ಹಂಚಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದರೆ ಅದೂ ಹತ್ತು ದಿನದ ಲೀಗಿನ ಹಾಗೇ. ಚೆನ್ನಾಗಿರುತ್ತದೆ, ಆದರೆ ಮುಂದಿನ ವರ್ಷದವರೆಗೆ ಏನೂ ಉಳಿಯುವುದಿಲ್ಲ.

ಅಪ್ಪು ಅವರ ಹುಟ್ಟುಹಬ್ಬ ಮಾರ್ಚ್ 17. ಆ ಹೊತ್ತಿಗೆ ಇಲ್ಲಿ ಚಳಿಯೂ ಇಳಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ, ಮಕ್ಕಳ ಪರೀಕ್ಷೆಗಳೂ ಬಹುಪಾಲು ಮುಗಿಯುತ್ತ ಬಂದಿರುತ್ತವೆ. ಅಂದು ನಮ್ಮ ಸಂಘದ ಹೆಣ್ಣುಮಕ್ಕಳ ಐದು ಜನರ ಫುಟ್‌ಬಾಲ್ ಶುರು ಮಾಡಿ, ಆಮೇಲೆ ಪ್ರತಿ ವಾರ ಅದನ್ನು ನಡೆಸಿಕೊಂಡು ಹೋಗೋಣವೇ? ಒಪ್ಪಿಗೆ ಇದ್ದವರು ಮುಂದಿನ ವೇದಿಕೆ ಸಭೆಗೆ ಬರುವಾಗ ಮಗಳನ್ನೂ ಕರೆದುಕೊಂಡು ಬನ್ನಿ. ಅಂದ ಹಾಗೆ, ಐದು ಜನರ ಆಟಕ್ಕೆ ವಯಸ್ಸಿನ ಮಿತಿ ಇಲ್ಲ. ಪಾಲ್ ಸ್ಕೋಲ್ಸ್ ಆಡಿದ್ದು 41ಕ್ಕೆ. ನಮ್ಮಲ್ಲಿ ಅದಕ್ಕಿಂತ ಚಿಕ್ಕವರು ಎಷ್ಟೋ ಜನ ಇದ್ದೀರಿ.